ತಂಬಾಕಿನ ಗುತ್ತಿಗೆ ಮತ್ತು ಇರಾನಿನ ಮೊದಲ ಸಾಲ

ಕರಾರು ಮತ್ತು ಪಾಲುದಾರಿಕೆಯ ಕುರಿತಾದ ಜುಮುಅ ಖುತುಬಾದ ಸಾರಾಂಶ ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಮೇಲೆ ಕೆಲವು ಓದುಗರು ಒಂದು ಪ್ರಶ್ನೆ ಎತ್ತಿದ್ದಾರೆ. ಹೊರದೇಶದ ಕಂಪೆನಿಗಳು ಬಂದು ಬಂಡವಾಳ ಹೂಡಿದರೆ ನಾಲ್ಕು ಜನರಿಗೆ ಕೆಲಸ ಸಿಗುತ್ತದೆ, ರಸ್ತೆ ಆಗುತ್ತದೆ, ಕಾರ್ಖಾನೆ ಏಳುತ್ತದೆ. ಹಾಗಿರುವಾಗ ಮಿಂಬರಿನಿಂದ ಅದರ ಬಗ್ಗೆ ಎಚ್ಚರಿಕೆಯ ಮಾತು ಏಕೆ ಎಂಬುದು ಆ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಫಿಖ್ಹಿನ ಉತ್ತರಕ್ಕೆ ಮೊದಲು ಚರಿತ್ರೆಯ ಒಂದು ಪ್ರಕರಣವನ್ನು ಓದುಗರ ಮುಂದಿಡುವುದು ಒಳ್ಳೆಯದೆಂದು ನಮಗೆ ತೋರಿತು. ಅದು 1890ರಿಂದ 1892ರವರೆಗೆ ಇರಾನಿನಲ್ಲಿ ನಡೆದ ತಂಬಾಕಿನ ಪ್ರಕರಣ. ಅದರ ಅರ್ಧ ಭಾಗವನ್ನು ನಮ್ಮಲ್ಲಿ ಹಲವರು ಕೇಳಿರಬಹುದು: ಒಂದು ಫತ್ವಾ ಬಂತು, ಇಡೀ ದೇಶ ಹುಕ್ಕಾ ಬಿಟ್ಟಿತು, ಇಂಗ್ಲಿಷ್ ಕಂಪೆನಿ ಓಡಿಹೋಯಿತು. ಉಳಿದರ್ಧವನ್ನು ಹೇಳುವವರು ಕಡಿಮೆ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ದೂರದೇಶದವರೊಂದಿಗೆ ವ್ಯಾಪಾರ ಮಾಡುವುದು ನಮ್ಮ ಪರಂಪರೆಗೆ ಹೊಸದಲ್ಲ. ಪ್ರವಾದಿ(ಸ)ರವರು ಹಝ್ರತ್ ಖದೀಜಾ(ರ)ರವರ ಸರಕನ್ನು ಕೊಂಡು ಶಾಮಿಗೆ ಹೋದವರು. ಒಬ್ಬರ ಬಂಡವಾಳ, ಇನ್ನೊಬ್ಬರ ದುಡಿಮೆ, ಲಾಭದಲ್ಲಿ ಇಬ್ಬರಿಗೂ ಪಾಲು ಎಂಬ ಕ್ರಮವನ್ನೇ ನಮ್ಮ ಫಿಖ್ಹಿನ ಗ್ರಂಥಗಳು ಮುದಾರಬಃ ಎನ್ನುತ್ತವೆ. ವಿಜಯನಗರದ ಕಾಲದಲ್ಲಿ ಹುರ್ಮುಝಿನ ಕಡೆಯಿಂದ ಕುದುರೆಗಳು ಹಡಗಿನಲ್ಲಿ ನಮ್ಮ ಭಟ್ಕಳ, ಹೊನ್ನಾವರ ಬಂದರುಗಳಿಗೆ ಬಂದಿಳಿಯುತ್ತಿದ್ದವು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆಯ ಹೆಸರು ಹಲವರಿಗೆ ಗೊತ್ತು. ಆ ಆಗಾ ಅಲಿ ಅಸ್ಕರ್ 19ನೇ ಶತಮಾನದ ಮೊದಲ ಭಾಗದಲ್ಲಿ ಶೀರಾಝಿನಿಂದ ಕುದುರೆ ವ್ಯಾಪಾರಕ್ಕೆಂದು ಬಂದು ಇಲ್ಲಿಯೇ ನೆಲೆಸಿದವರು. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಝಾ ಇಸ್ಮಾಯಿಲ್ ಅವರ ಮೊಮ್ಮಗ. ಶೀರಾಝಿನ ಒಬ್ಬ ವರ್ತಕ ಬೆಂಗಳೂರಿಗೆ ಬಂದು ಬದುಕು ಕಟ್ಟಿಕೊಂಡದ್ದರಿಂದ ಬೆಂಗಳೂರಿಗೆ ನಷ್ಟವೇನೂ ಆಗಲಿಲ್ಲ. ಅವರ ಹತ್ತಿರ ಕುದುರೆ ಇತ್ತು, ಬೇಕಾದವರು ಬೆಲೆ ಮಾತಾಡಿ ಕೊಂಡರು, ಬೇಡದವರು ಬೇರೆಯವರ ಹತ್ತಿರ ಹೋದರು. ಅದೇ ಶೀರಾಝಿನಲ್ಲಿ ಮುಂದೆ ನಡೆದದ್ದು ಬೇರೆ ಬಗೆಯ ವ್ಯವಹಾರ.

ಆಗ ಇರಾನನ್ನು ಆಳುತ್ತಿದ್ದವನು ಖಾಜಾರ್ ವಂಶದ ನಾಸಿರುದ್ದೀನ್ ಷಾ. ಉತ್ತರದಲ್ಲಿ ರಷ್ಯಾ, ದಕ್ಷಿಣದ ಕೊಲ್ಲಿಯಲ್ಲಿ ಬ್ರಿಟನ್. ಈ ಎರಡರ ನಡುವೆ ಅವನ ರಾಜ್ಯ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಿತ್ತು. 1828ರಲ್ಲಿ ರಷ್ಯಾದ ಎದುರು ಸೋತು ತುರ್ಕಮಾನ್‌ಚಾಯ್ ಒಪ್ಪಂದಕ್ಕೆ ಸಹಿ ಹಾಕಿದಾಗ ರಷ್ಯಾದ ಸರಕಿನ ಮೇಲೆ ಶೇಕಡಾ 5ಕ್ಕಿಂತ ಹೆಚ್ಚು ಸುಂಕ ಹಾಕುವಂತಿಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು. 1841ರಲ್ಲಿ ಬ್ರಿಟಿಷರೂ ಅದೇ ಸೌಲಭ್ಯ ಪಡೆದರು. ಹೊರಗಿನ ವರ್ತಕ ಗಡಿಯಲ್ಲಿ ಒಮ್ಮೆ ಸುಂಕ ಕಟ್ಟಿ ನಿಶ್ಚಿಂತೆಯಾಗಿ ಹೋಗುತ್ತಿದ್ದ. ದೇಶದ ವರ್ತಕ ಮಾತ್ರ ಊರಿಂದೂರಿಗೆ ದಾರಿ ಸುಂಕ ಕಟ್ಟುತ್ತಾ ಹೋಗಬೇಕಿತ್ತು. ಖಜಾನೆಗೆ ವರಮಾನ ಹೆಚ್ಚಿಸುವ ದಾರಿ ಮುಚ್ಚಿತ್ತು. ಇರಾನಿನ ನಾಣ್ಯ ಬೆಳ್ಳಿಯದ್ದು, ಜಗತ್ತಿನಲ್ಲಿ ಬೆಳ್ಳಿಯ ಬೆಲೆ ಇಳಿಯುತ್ತಿತ್ತು. ಷಾನ ಖರ್ಚು ಮಾತ್ರ ಇಳಿಯಲಿಲ್ಲ. 1873, 1878 ಮತ್ತು 1889ರಲ್ಲಿ ಮೂರು ಸಲ ದೊಡ್ಡ ಪರಿವಾರ ಕಟ್ಟಿಕೊಂಡು ಯುರೋಪು ಸುತ್ತಿಬಂದ. ತೆರಿಗೆ ಹೆಚ್ಚಿಸಲಾಗದ, ಖರ್ಚು ಕಡಿಮೆ ಮಾಡಲೊಲ್ಲದ ದೊರೆಗೆ ಉಳಿದದ್ದು ಒಂದೇ ದಾರಿ. ದೇಶದಲ್ಲಿ ಇರುವುದನ್ನು, ಮುಂದೆ ಸಿಗಬಹುದಾದದ್ದನ್ನು ಗುತ್ತಿಗೆಗೆ ಕೊಡುವುದು.

ಈ ದಾರಿಯ ಮೊದಲ ದೊಡ್ಡ ಹೆಜ್ಜೆ 1872ರದ್ದು. ಸುದ್ದಿ ಸಂಸ್ಥೆ ಸ್ಥಾಪಿಸಿದ ಅದೇ ಜೂಲಿಯಸ್ ಡಿ ರಾಯ್ಟರನಿಗೆ ಷಾ ಬರೆದುಕೊಟ್ಟ ಹಕ್ಕುಪತ್ರ ಅದು. 70 ವರ್ಷಗಳ ಕಾಲ ರೈಲು, ಚಿನ್ನ ಬೆಳ್ಳಿ ಬಿಟ್ಟು ಉಳಿದ ಬಹುತೇಕ ಗಣಿಗಳು, ಕಾಡು, ನೀರಾವರಿ ಕಾಲುವೆ, ಅದರ ಜೊತೆಗೆ ಕೆಲವು ವರ್ಷಗಳ ಮಟ್ಟಿಗೆ ದೇಶದ ಸುಂಕದ ಕಟ್ಟೆಗಳು, ಬ್ಯಾಂಕು ತೆರೆಯಲು ಮೊದಲ ಹಕ್ಕು! ಒಬ್ಬ ವ್ಯಕ್ತಿಗೆ ಒಂದು ದೇಶವನ್ನೇ ಬರೆದುಕೊಟ್ಟ ಹಾಗೆ. ಮಂತ್ರಿಗಳ ಕೈಗೆ ಕಾಣಿಕೆ ಸಂದಿತ್ತು ಎಂಬುದು ಆಮೇಲೆ ಗುಟ್ಟಾಗಿ ಉಳಿಯಲಿಲ್ಲ. ಉಲಮಾಗಳು ವಿರೋಧಿಸಿದರು, ಆಸ್ಥಾನದ ಒಂದು ಗುಂಪು ವಿರೋಧಿಸಿತು, ರಷ್ಯಾ ಕೆಂಡವಾಯಿತು. 1873ರಲ್ಲಿ ಷಾ ಅದನ್ನು ರದ್ದು ಮಾಡಿದ. ಆದರೆ ಬರೆದುಕೊಟ್ಟ ಕಾಗದ ಅಷ್ಟು ಸುಲಭವಾಗಿ ಸಾಯುವುದಿಲ್ಲ. ರಾಯ್ಟರ್ ತನ್ನ ಹಕ್ಕನ್ನು ಬಿಡದೆ ಹಿಡಿದುಕೊಂಡು ಕೂತ. ಕೊನೆಗೆ 1889ರಲ್ಲಿ ಬ್ರಿಟಿಷ್ ರಾಯಭಾರಿ ಡ್ರಮಂಡ್ ವುಲ್ಫನ ಕಾಲದಲ್ಲಿ, ಪರಿಹಾರವೆಂಬಂತೆ, ಇಂಪೀರಿಯಲ್ ಬ್ಯಾಂಕ್ ಆಫ್ ಪರ್ಶಿಯಾ ತೆರೆಯುವ ಹಕ್ಕನ್ನು 60 ವರ್ಷಕ್ಕೆ ಪಡೆದ. ದೇಶದಲ್ಲಿ ನೋಟು ಹೊರಡಿಸುವ ಅಧಿಕಾರವೂ ಆ ಬ್ಯಾಂಕಿಗೇ ಸೇರಿತು. ಈ ಬ್ಯಾಂಕಿನ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು, ಮತ್ತೆ ಬರುತ್ತದೆ.

ಇನ್ನು ತಂಬಾಕು. 1890ರ ಮಾರ್ಚ್‌ನಲ್ಲಿ ಮೇಜರ್ ಜೆರಾಲ್ಡ್ ಟಾಲ್ಬಟ್ ಎಂಬ ಇಂಗ್ಲಿಷನಿಗೆ ಷಾ 50 ವರ್ಷಗಳ ಗುತ್ತಿಗೆ ಕೊಟ್ಟ. ಇರಾನಿನಲ್ಲಿ ಬೆಳೆಯುವ ಎಲ್ಲಾ ತಂಬಾಕನ್ನು ಕೊಳ್ಳುವ, ದೇಶದೊಳಗೆ ಮಾರುವ, ಹೊರಗೆ ರಫ್ತು ಮಾಡುವ ಹಕ್ಕು ಅವನೊಬ್ಬನಿಗೇ. ಪ್ರತಿಯಾಗಿ ವರ್ಷಕ್ಕೆ 15,000 ಪೌಂಡ್, ಅದರ ಮೇಲೆ ಖರ್ಚು ಮತ್ತು ಪಾಲುದಾರರ ಶೇಕಡಾ 5 ಲಾಭಾಂಶ ಕಳೆದು ಉಳಿದ ಲಾಭದಲ್ಲಿ ಕಾಲು ಭಾಗ. ಬೆಳೆಗಾರರೆಲ್ಲ ಹೆಸರು ನೋಂದಾಯಿಸಬೇಕು. ಪರವಾನಗಿ ಇಲ್ಲದೆ ಒಂದು ಮೂಟೆ ತಂಬಾಕನ್ನೂ ಸಾಗಿಸುವಂತಿಲ್ಲ. ಟಾಲ್ಬಟ್ ಈ ಹಕ್ಕನ್ನು ಲಂಡನ್ನಿನಲ್ಲಿ ಅದಕ್ಕೆಂದೇ ಹುಟ್ಟಿದ ಒಂದು ಕಂಪೆನಿಗೆ ವರ್ಗಾಯಿಸಿದ.

ರಾಯ್ಟರನ ಹಕ್ಕುಪತ್ರಕ್ಕಿಂತ ಇದು ಬಹಳ ಸಣ್ಣದು. ಆದರೂ ಅದಕ್ಕಿಂತ ಹೆಚ್ಚು ಕೋಲಾಹಲ ಎದ್ದದ್ದು ಇದಕ್ಕೇ. ರಾಯ್ಟರನ ರೈಲು ಇನ್ನೂ ಹುಟ್ಟಿರಲಿಲ್ಲ, ಗಣಿಯನ್ನು ಯಾರೂ ತೋಡಿರಲಿಲ್ಲ, ಆದ್ದರಿಂದ ಯಾರ ತಟ್ಟೆಯ ಅನ್ನವನ್ನೂ ಅದು ಕಸಿಯಲಿಲ್ಲ. ತಂಬಾಕು ಹಾಗಲ್ಲ. ಶೀರಾಝ್, ಇಸ್ಫಹಾನ್, ಕಾಶಾನ್ ಸುತ್ತಲಿನ ರೈತ ಅದನ್ನು ಬೆಳೆಯುತ್ತಿದ್ದ, ಸಾಹುಕಾರ ಅವನಿಗೆ ಮುಂಗಡ ಕೊಡುತ್ತಿದ್ದ, ಹೇಸರಗತ್ತೆಯವನು ಸಾಗಿಸುತ್ತಿದ್ದ, ಬಝಾರಿನ ಸಣ್ಣ ಅಂಗಡಿಯವನು ತೂಗಿ ಮಾರುತ್ತಿದ್ದ, ದೊಡ್ಡ ವರ್ತಕ ಇಸ್ತಾಂಬೂಲಿಗೆ ಕಳಿಸುತ್ತಿದ್ದ. ಗಂಡಸರು ಹೆಂಗಸರೆನ್ನದೆ ಹುಕ್ಕಾ ಸೇದುವ ದೇಶ ಅದು. ನಮ್ಮ ಕರಾವಳಿಯ ಬೀಡಿ ಕಟ್ಟುವ ಮನೆಗಳವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ತಂಬಾಕು ಎಷ್ಟು ಕೈ ದಾಟಿ ಬರುತ್ತದೆಂದು ಅವರಿಗೆ ಗೊತ್ತು. ಆ ಕೈಗಳನ್ನೆಲ್ಲ ಒಂದೇ ಕಾಗದ ಒಂದೇ ಕಂಪೆನಿಯ ಬಾಗಿಲಿಗೆ ತಂದು ನಿಲ್ಲಿಸಿತು. ಬೆಳೆದವನು ಅವರಿಗೇ ಮಾರಬೇಕು, ಸೇದುವವನು ಅವರಿಂದಲೇ ಕೊಳ್ಳಬೇಕು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾಗದು. ಹಳ್ಳಿಯಿಂದ ಸರಕು ತರುವವರನ್ನು ಪೇಟೆ ಮುಟ್ಟುವ ಮೊದಲೇ ದಾರಿಯಲ್ಲಿ ತಡೆದು ಕೊಳ್ಳುವುದನ್ನು ಪ್ರವಾದಿ(ಸ)ರವರು ನಿಷೇಧಿಸಿದ್ದಾರೆ. ಪೇಟೆಯ ಬೆಲೆ ತಿಳಿಯುವ ಹಕ್ಕು ಮಾರುವವನಿಗೆ ಇರಬೇಕು ಎಂಬುದು ಅದರ ತಿರುಳು. ಬೆಲೆ ಏರಲೆಂದು ಸರಕು ಕೂಡಿಹಾಕುವವನನ್ನು ಪಾಪಿ ಎಂದಿದ್ದಾರೆ. ಈ ಹದೀಸುಗಳಲ್ಲಿ ಕೊಳ್ಳುವವನು ದೇಶದವನೋ ಪರದೇಶದವನೋ, ಮುಸ್ಲಿಮನೋ ಅಲ್ಲವೋ ಎಂಬ ಭೇದವಿಲ್ಲ. ಟಾಲ್ಬಟ್‌ನ ಬದಲು ಟೆಹ್ರಾನಿನ ಒಬ್ಬ ಹಾಜಿಗೆ ಈ ಗುತ್ತಿಗೆ ಸಿಕ್ಕಿದ್ದರೂ ಶೀರಾಝಿನ ರೈತನ ಸ್ಥಿತಿ ಅದೇ ಆಗುತ್ತಿತ್ತು ಎಂಬುದು ನಮ್ಮ ಅಭಿಪ್ರಾಯ.

ಸುದ್ದಿ ತಡವಾಗಿ ಜನರಿಗೆ ತಲುಪಿತು, ಏಕೆಂದರೆ ಕರಾರನ್ನು ಬಹಿರಂಗವಾಗಿ ಮಾಡಿರಲಿಲ್ಲ. ಇಸ್ತಾಂಬೂಲಿನಲ್ಲಿ ಅಚ್ಚಾಗುತ್ತಿದ್ದ ‘ಅಖ್ತರ್’ ಎಂಬ ಫಾರ್ಸಿ ಪತ್ರಿಕೆ ಇದನ್ನು ಉಸ್ಮಾನಿ ರಾಜ್ಯದ ತಂಬಾಕು ಗುತ್ತಿಗೆಯೊಂದಿಗೆ ತೂಗಿ ನೋಡಿತು. ಉಸ್ಮಾನಿಗಳೂ ಸಾಲದಲ್ಲಿ ಮುಳುಗಿ ಯುರೋಪಿನ ಕಂಪೆನಿಗೆ ತಂಬಾಕನ್ನು ಒಪ್ಪಿಸಿದ್ದರು. ಆದರೆ ಅವರು ಕೊಟ್ಟದ್ದು ದೇಶದೊಳಗಿನ ಮಾರಾಟವನ್ನು ಮಾತ್ರ, ಪಡೆದದ್ದು ಎಷ್ಟೋ ಪಟ್ಟು ಹೆಚ್ಚಿನ ಹಣ. ಷಾ ರಫ್ತನ್ನೂ ಸೇರಿಸಿ ಚಿಲ್ಲರೆ ಕಾಸಿಗೆ ಕೊಟ್ಟಿದ್ದಾನೆ ಎಂಬುದು ಓದಿದವರಿಗೆಲ್ಲ ಅರ್ಥವಾಯಿತು.

1891ರ ವಸಂತದಲ್ಲಿ ಕಂಪೆನಿಯ ಏಜೆಂಟರು ಶೀರಾಝಿಗೆ ಬರುವ ಹೊತ್ತಿಗೆ ಬಝಾರು ಮುಚ್ಚಿತು. ಸಯ್ಯಿದ್ ಅಲಿ ಅಕ್ಬರ್ ಫಾಲ್ ಅಸೀರಿ ಎಂಬ ಆಲಿಮರು ಮಸೀದಿಯಲ್ಲಿ ಇದರ ವಿರುದ್ಧ ಮಾತಾಡಿದರು. ಸರಕಾರ ಅವರನ್ನು ಗಡೀಪಾರು ಮಾಡಿತು. ಜನ ಶಾಹ್ ಚರಾಗ್ ದರ್ಗಾದ ಬಳಿ ಸೇರಿದಾಗ ಗುಂಡು ಹಾರಿತು, ಪ್ರಾಣ ಹೋಯಿತು. ಬೇಸಿಗೆ ಕಳೆಯುವ ಹೊತ್ತಿಗೆ ತಬ್ರೀಝ್ ಎದ್ದಿತು. ಅಲ್ಲಿಯ ಗಲಾಟೆ ಎಷ್ಟು ಬಲವಾಗಿತ್ತೆಂದರೆ ಆ ಪ್ರಾಂತ್ಯದಲ್ಲಿ ಕಂಪೆನಿಯ ಕೆಲಸವನ್ನು ಷಾ ತಡೆಹಿಡಿಯಬೇಕಾಯಿತು. ಆಮೇಲೆ ಮಶ್‌ಹದ್, ಇಸ್ಫಹಾನ್. ಇಸ್ಫಹಾನಿನ ಒಬ್ಬ ವರ್ತಕನ ಬಗ್ಗೆ ಒಂದು ಕಥೆ ಪ್ರಚಲಿತವಾಗಿದೆ. ಕಂಪೆನಿಯವರು ನಾಳೆ ಬಂದು ಸರಕು ತೂಗುತ್ತೇವೆ ಎಂದಾಗ ಅವನು ರಾತ್ರಿಯೇ ತನ್ನ ತಂಬಾಕನ್ನೆಲ್ಲ ಸುಟ್ಟು, ಬೆಳಿಗ್ಗೆ ಬಂದವರಿಗೆ ಬೂದಿ ತೋರಿಸಿ ಎಲ್ಲವನ್ನೂ ಅಲ್ಲಾಹನಿಗೆ ಮಾರಿಬಿಟ್ಟೆ ಎಂದನಂತೆ.

ಜಮಾಲುದ್ದೀನ್ ಅಫ್ಘಾನಿಯವರ ಹೆಸರು ನಮ್ಮ ಓದುಗರಿಗೆ ಪರಿಚಿತ. 1891ರ ಆರಂಭದಲ್ಲಿ ಷಾ ಅವರನ್ನು ಚಳಿಗಾಲದಲ್ಲಿ, ಕಾಯಿಲೆಯಲ್ಲಿ ಇದ್ದಾಗಲೇ ದೇಶದಿಂದ ಹೊರಹಾಕಿದ್ದ. ಅವರು ಬಸ್ರಾದಿಂದ, ಸಾಮರ್ರಾದಲ್ಲಿದ್ದ ಶಿಯಾಗಳ ಅತಿ ದೊಡ್ಡ ವಿದ್ವಾಂಸ ಮಿರ್ಝಾ ಹಸನ್ ಶೀರಾಝಿಯವರಿಗೆ ಒಂದು ದೀರ್ಘ ಪತ್ರ ಬರೆದರು. ತಂಬಾಕಿನ ಮಾತಷ್ಟೇ ಅಲ್ಲ, ರಸ್ತೆ, ಬ್ಯಾಂಕು, ಗಣಿ ಹೀಗೆ ಒಂದೊಂದಾಗಿ ಏನೇನು ಕೈಬಿಟ್ಟಿತು ಎಂಬ ಪಟ್ಟಿಯೇ ಅದರಲ್ಲಿತ್ತು. ಶೀರಾಝಿಯವರು ರಾಜಕೀಯದಿಂದ ದೂರವಿದ್ದ ಸ್ವಭಾವದವರು. ಮೊದಲು ಷಾನಿಗೆ ತಂತಿ ಕಳಿಸಿ ನಯವಾಗಿ ತಿಳಿಹೇಳಿದರು. ಫಲ ಸಿಗಲಿಲ್ಲ.

1891ರ ಡಿಸೆಂಬರ್ ಮೊದಲ ವಾರದಲ್ಲಿ ಅವರ ಹೆಸರಿನ ಫತ್ವಾ ಟೆಹ್ರಾನಿನಲ್ಲಿ ಹರಡಿತು. ಎರಡು ಸಾಲಿನಷ್ಟು ಚಿಕ್ಕದು. ಇನ್ನು ಮುಂದೆ ಯಾವ ರೂಪದಲ್ಲಿ ತಂಬಾಕು ಬಳಸಿದರೂ ಅದು ಅವರ ವಿಶ್ವಾಸದ ಹನ್ನೆರಡನೇ ಇಮಾಮರ ವಿರುದ್ಧ ಯುದ್ಧಕ್ಕೆ ನಿಂತಂತೆ ಎಂಬುದು ಅದರ ಸಾರ. ಅಂಗಡಿಗಳು ಮುಚ್ಚಿದವು, ಹುಕ್ಕಾಗಳು ಮೂಲೆ ಸೇರಿದವು, ಅರಮನೆಯ ಜನಾನಾದಲ್ಲಿಯೂ ಸೇದುವವರು ಇಲ್ಲವಾದರು. ಷಾ ಹುಕ್ಕಾ ತರಲು ಹೇಳಿದಾಗ, ನಮ್ಮನ್ನು ನಿಮಗೆ ಹಲಾಲ್ ಮಾಡಿದ ಶಾಸ್ತ್ರವೇ ಇದನ್ನು ಹರಾಮ್ ಮಾಡಿದೆ ಎಂದು ರಾಣಿ ಉತ್ತರಿಸಿದಳೆಂದು ಹೇಳುವುದುಂಟು. ತಂಬಾಕಿನ ವಿಧಿಯ ಬಗ್ಗೆ ನಮ್ಮ ಮದ್ಹಬ್‌ಗಳಲ್ಲಿ ಇರುವ ಚರ್ಚೆಗೂ ಈ ಫತ್ವಾಕ್ಕೂ ಸಂಬಂಧವಿಲ್ಲ. ಅದು ಹೊಗೆಯ ಬಗ್ಗೆ ಆಗಿರಲಿಲ್ಲ, ಗುತ್ತಿಗೆಯ ಬಗ್ಗೆ ಆಗಿತ್ತು. ನಿಷೇಧ ತೆಗೆದ ದಿನವೇ ಜನ ಮತ್ತೆ ಹುಕ್ಕಾಕ್ಕೆ ಕೆಂಡ ಹಾಕಿದರು!

ಫತ್ವಾ ನಿಜವಾಗಿ ಅವರದ್ದೋ, ವರ್ತಕರು ಸೃಷ್ಟಿಸಿದ್ದೋ ಎಂಬ ಅನುಮಾನ ಆಗಲೇ ಎದ್ದಿತ್ತು. ಶೀರಾಝಿಯವರು ಅದನ್ನು ತಮ್ಮದೇ ಎಂದು ಒಪ್ಪಿಕೊಂಡ ಮೇಲೆ ಆ ಮಾತು ಬಿದ್ದುಹೋಯಿತು. ಆದರೆ ವರ್ತಕರ ಪಾತ್ರವನ್ನು ಮುಚ್ಚಿಡುವುದು ಚರಿತ್ರೆಗೆ ಮಾಡುವ ಅನ್ಯಾಯ. ಪತ್ರಗಳನ್ನು ಸಾಗಿಸಿದವರು, ಬಝಾರು ಮುಚ್ಚಿಸಿದವರು, ನಷ್ಟ ಹೊತ್ತವರು ಅವರು. ರಷ್ಯಾ ತನ್ನದೇ ಲೆಕ್ಕಾಚಾರದಿಂದ ಇದಕ್ಕೆ ಗಾಳಿ ಹಾಕುತ್ತಿತ್ತು. ಉಲಮಾಗಳೆಲ್ಲ ಒಂದೇ ಕಡೆ ಇದ್ದರೆಂಬುದೂ ಸರಿಯಲ್ಲ. ಟೆಹ್ರಾನಿನ ಸಯ್ಯಿದ್ ಅಬ್ದುಲ್ಲಾ ಬೆಹ್‌ಬಹಾನಿ ಈ ಬಹಿಷ್ಕಾರವನ್ನು ಒಪ್ಪದೆ ಉಳಿದವರು. ಅವರೇ ಹದಿನೈದು ವರ್ಷಗಳ ನಂತರ ಸಂವಿಧಾನ ಚಳವಳಿಯ ಮುಂಚೂಣಿಯಲ್ಲಿ ನಿಂತರು. ಇನ್ನೊಂದು ವಿಚಿತ್ರ ನೋಡಿ. ಊರಿಂದೂರಿಗೆ ಈ ಚಳವಳಿಯನ್ನು ಹಬ್ಬಿಸಿದ್ದು ತಂತಿ. ಇಂಗ್ಲೆಂಡಿಗೂ ಹಿಂದೂಸ್ತಾನಕ್ಕೂ ನಡುವೆ ಸುದ್ದಿ ಸಾಗಲೆಂದು ಬ್ರಿಟಿಷರೇ ಇರಾನಿನಲ್ಲಿ ತಂತಿ ಎಳೆಸಿದ್ದರು. ಹೊರಗಿನಿಂದ ಬಂದದ್ದೆಲ್ಲ ಕೆಡುಕು ಎನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಷಾ ಮೊದಲು ಅರ್ಧ ಬಗ್ಗಿದ. ದೇಶದೊಳಗಿನ ಮಾರಾಟದ ಹಕ್ಕು ರದ್ದು, ರಫ್ತಿನ ಹಕ್ಕು ಕಂಪೆನಿಗೇ ಇರಲಿ ಎಂದ. ಜನ ಒಪ್ಪಲಿಲ್ಲ. ಟೆಹ್ರಾನಿನ ಮಿರ್ಝಾ ಹಸನ್ ಆಶ್ತಿಯಾನಿಯವರಿಗೆ, ಎಲ್ಲರೆದುರು ಹುಕ್ಕಾ ಸೇದಿರಿ ಇಲ್ಲವೇ ಊರು ಬಿಡಿರಿ ಎಂದು ಆಜ್ಞೆ ಹೋಯಿತು. ಅವರು ಊರು ಬಿಡಲು ಸಿದ್ಧರಾದರು. 1892ರ ಜನವರಿ 4ರಂದು ಜನ ಅರಮನೆಯ ಕಡೆಗೆ ನುಗ್ಗಿದರು, ಮುಂದೆ ಹೆಂಗಸರಿದ್ದರು. ಸೈನಿಕರ ಗುಂಡಿಗೆ ಹಲವರು ಬಲಿಯಾದರು. ಆ ರಕ್ತಪಾತದ ನಂತರವೇ ಇಡೀ ಗುತ್ತಿಗೆ ರದ್ದಾಯಿತು. ಜನವರಿ ಮುಗಿಯುವ ಮೊದಲು ಶೀರಾಝಿಯವರ ಅನುಮತಿ ಬಂದು ನಿಷೇಧ ಹಿಂತೆಗೆಯಲಾಯಿತು.

ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಕರಾರಿನ ಇನ್ನೊಂದು ಕಡೆಯವರು ಲಂಡನ್ನಿನಲ್ಲಿದ್ದರು, ಅವರ ಕೈಯಲ್ಲಿ ಷಾನ ಮೊಹರು ಬಿದ್ದ ಕಾಗದವಿತ್ತು. ಪರಿಹಾರ ಕೊಡಿ ಎಂದರು. ಚೌಕಾಸಿ ನಡೆದು 1892ರಲ್ಲಿ 5 ಲಕ್ಷ ಪೌಂಡ್‌ಗೆ ತೀರ್ಮಾನವಾಯಿತು. ವರ್ಷ ತುಂಬ ಕೆಲಸವನ್ನೂ ಸರಿಯಾಗಿ ಮಾಡದ ಕಂಪೆನಿಗೆ 5 ಲಕ್ಷ! ಖಜಾನೆಯಲ್ಲಿ ಅಷ್ಟು ಹಣವಿರಲಿಲ್ಲ. ಆಗ ಮುಂದೆ ಬಂದದ್ದು ಇಂಪೀರಿಯಲ್ ಬ್ಯಾಂಕ್ ಆಫ್ ಪರ್ಶಿಯಾ. ಶೇಕಡಾ 6 ಬಡ್ಡಿ, 40 ವರ್ಷಗಳ ಅವಧಿ, ಒತ್ತೆಯಾಗಿ ಕೊಲ್ಲಿಯ ಬಂದರುಗಳ ಸುಂಕ. ಇದೇ ಇರಾನ್ ಹೊರಗಿನವರಿಂದ ಎತ್ತಿದ ಮೊದಲ ಸಾಲ. ಹಣ ಒಬ್ಬ ಇಂಗ್ಲಿಷ್ ಸಾಲಗಾರನಿಂದ ಹೊರಟು ಇನ್ನೊಂದು ಇಂಗ್ಲಿಷ್ ಕಂಪೆನಿಯ ಕೈಗೆ ಹೋಯಿತು. ಇರಾನಿನಲ್ಲಿ ಉಳಿದದ್ದು ತೀರಿಸುವ ಹೊಣೆ ಮಾತ್ರ.

ಮಕ್ಕಳೂ ಮಾಡಬಹುದಾದ ಒಂದು ಲೆಕ್ಕ ಇದೆ. ಗುತ್ತಿಗೆ ಉಳಿದಿದ್ದರೆ ಷಾನಿಗೆ ವರ್ಷಕ್ಕೆ 15,000 ಪೌಂಡ್ ಬರುತ್ತಿತ್ತು. ಗುತ್ತಿಗೆ ರದ್ದಾದ ಮೇಲೆ ಮೊದಲ ವರ್ಷದ ಬಡ್ಡಿಯೇ 30,000 ಪೌಂಡ್. ಒಂದು ಸಹಿಯ ಬೆಲೆ, ಸಿಗಬೇಕಾಗಿದ್ದ ಹಣದ ಎರಡು ಪಟ್ಟು. ಅದನ್ನು ಕಟ್ಟಿದವರು ಬಂದರಿನಲ್ಲಿ ಸುಂಕ ತೆತ್ತ ವರ್ತಕರು, ಅವರ ಮೂಲಕ ಸಕ್ಕರೆ ಬಟ್ಟೆ ಕೊಂಡ ಬಡವರು. ಕಾಣಿಕೆ ತಿಂದ ಮಂತ್ರಿಗಳಲ್ಲ.

ಈ ಲೆಕ್ಕ ಮುಂದಿಟ್ಟು, ಹಾಗಾದರೆ ಫತ್ವಾ ವ್ಯರ್ಥವಾಯಿತು, ಸುಮ್ಮನಿದ್ದಿದ್ದರೆ ಲಾಭವಿತ್ತು ಎಂದು ವಾದಿಸುವವರನ್ನು ನಾವು ನೋಡಿದ್ದೇವೆ. ನಮಗೆ ಹಾಗೆ ಅನಿಸುವುದಿಲ್ಲ. 50 ವರ್ಷ ಆ ಕಂಪೆನಿ ಉಳಿದಿದ್ದರೆ ರೈತರು ಮತ್ತು ವರ್ತಕರು ಕಳೆದುಕೊಳ್ಳುತ್ತಿದ್ದದ್ದು ಷಾನ ಲೆಕ್ಕದ ಪುಸ್ತಕದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಆದರೆ ಒಂದು ವಿಷಯ ಒಪ್ಪಲೇಬೇಕು. ಜನರ ಕೋಪಕ್ಕೆ ಕಂಪೆನಿಯನ್ನು ಓಡಿಸುವ ಶಕ್ತಿ ಇತ್ತು, ಸಾಲಪತ್ರವನ್ನು ತಡೆಯುವ ಶಕ್ತಿ ಇರಲಿಲ್ಲ. ಹುಕ್ಕಾ ಕಣ್ಣಿಗೆ ಕಾಣುತ್ತದೆ, ಬಡ್ಡಿ ಕಾಣುವುದಿಲ್ಲ. ಆ 6 ಶೇಕಡಾದ ವಿರುದ್ಧ ಯಾವ ಬಝಾರೂ ಮುಚ್ಚಲಿಲ್ಲ. ರಿಬಾದ ಬಗ್ಗೆ ಕುರ್‌ಆನಿನಲ್ಲಿ ಎಷ್ಟು ಕಠಿಣವಾದ ಎಚ್ಚರಿಕೆ ಇದೆಯೆಂದು ಓದುಗರಿಗೆ ನಾವು ಹೇಳಬೇಕಿಲ್ಲ. ಆ ಸಾಲ ಹುಟ್ಟಿದಾಗ ಅದೇ ಉಲಮಾಗಳು ಅಷ್ಟೇ ಗಟ್ಟಿಯಾಗಿ ಮಾತಾಡಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ನಮ್ಮನ್ನು ಕಾಡುತ್ತದೆ.

ಏಕೆಂದರೆ ಸಾಲ ಅಲ್ಲಿಗೆ ನಿಲ್ಲಲಿಲ್ಲ. 1896ರಲ್ಲಿ ನಾಸಿರುದ್ದೀನ್ ಷಾ ಅಫ್ಘಾನಿಯವರ ಶಿಷ್ಯನೊಬ್ಬನ ಗುಂಡಿಗೆ ಬಲಿಯಾದ. ಮಗ ಮುಝಫ್ಫರುದ್ದೀನ್ 1900ರಲ್ಲಿ ರಷ್ಯಾದಿಂದ 2 ಕೋಟಿ 25 ಲಕ್ಷ ರೂಬಲ್ ಸಾಲ ಎತ್ತಿದ. ಅದರಲ್ಲಿ ಬ್ರಿಟಿಷ್ ಬ್ಯಾಂಕಿನ ಹಳೆಯ ಸಾಲ ತೀರಿಸಬೇಕು, ರಷ್ಯಾದ ಒಪ್ಪಿಗೆ ಇಲ್ಲದೆ ಬೇರೆ ಯಾರ ಹತ್ತಿರವೂ ಕೈಯೊಡ್ಡಬಾರದು ಎಂಬ ಷರತ್ತು. ಈ ಸಲ ಒತ್ತೆಗೆ ಹೋದದ್ದು ಉತ್ತರದ ಸುಂಕ. 1902ರಲ್ಲಿ ಇನ್ನೂ 1 ಕೋಟಿ ರೂಬಲ್. ಮಗನೂ ಯುರೋಪಿಗೆ ಹೋಗಿಬಂದ. 1901ರಲ್ಲಿ ವಿಲಿಯಮ್ ನಾಕ್ಸ್ ಡಾರ್ಸಿ ಎಂಬವನಿಗೆ ಉತ್ತರದ ಐದು ಪ್ರಾಂತ್ಯ ಬಿಟ್ಟು ಉಳಿದೆಡೆಯ ಎಣ್ಣೆಯನ್ನು 60 ವರ್ಷಕ್ಕೆ ಬರೆದುಕೊಟ್ಟ. 20,000 ಪೌಂಡ್ ನಗದು, ಅಷ್ಟೇ ಮೌಲ್ಯದ ಷೇರು, ನಿವ್ವಳ ಲಾಭದಲ್ಲಿ ಶೇಕಡಾ 16. ಆಗ ಅದಕ್ಕೆ ಬಝಾರಿನಲ್ಲಿ ಯಾರೂ ತಲೆಕೆಡಿಸಿಕೊಳ್ಳಲಿಲ್ಲ, ಎಣ್ಣೆ ಇನ್ನೂ ನೆಲದಡಿಯಲ್ಲಿತ್ತು. 1908ರಲ್ಲಿ ಮಸ್ಜಿದ್ ಸುಲೈಮಾನಿನಲ್ಲಿ ಅದು ಚಿಮ್ಮಿತು. ಅದರ ಜಗಳ ತೀರಲು 1951ರ ರಾಷ್ಟ್ರೀಕರಣ, 1953ರಲ್ಲಿ ಪ್ರಧಾನಿ ಮುಸದ್ದಿಖ್ ಅವರ ಪದಚ್ಯುತಿ ಎಲ್ಲವೂ ಆಗಬೇಕಾಯಿತು. ಅದು ಬೇರೆಯೇ ಒಂದು ಲೇಖನದ ವಿಷಯ.

ತಂಬಾಕಿನ ಪ್ರಕರಣದಿಂದ ಇರಾನಿಗರು ಕಲಿತದ್ದನ್ನು ಕಾಗದದ ಮೇಲೆ ಇಳಿಸಿದ್ದು 1906ರಲ್ಲಿ. ಆ ವರ್ಷ ಸಂವಿಧಾನ ಬಂದಾಗ, ಮಜ್ಲಿಸಿನ ಒಪ್ಪಿಗೆಯಿಲ್ಲದೆ ದೊರೆ ಯಾರಿಗೂ ಗುತ್ತಿಗೆ ಕೊಡುವಂತಿಲ್ಲ, ಸಾಲ ಎತ್ತುವಂತಿಲ್ಲ ಎಂದು ಅದರಲ್ಲಿ ಬರೆದರು. ಕಂಪೆನಿಗಳು ಬರಬಾರದು ಎಂದು ಬರೆಯಲಿಲ್ಲ. ಕರಾರು ಕತ್ತಲೆಯಲ್ಲಿ ಆಗಬಾರದು, ತೀರಿಸಬೇಕಾದವರನ್ನು ಕೇಳದೆ ಸಾಲ ಹುಟ್ಟಬಾರದು ಎಂದಷ್ಟೇ. ಅದೇ ಮಜ್ಲಿಸಿನ ಮುಂದೆ ಮೊದಲ ದಿನಗಳಲ್ಲೇ ಬಂದ ಒಂದು ಪ್ರಸ್ತಾವ, ರಷ್ಯಾ ಮತ್ತು ಬ್ರಿಟನ್ ಸೇರಿ ಕೊಡಲಿರುವ ಹೊಸ ಸಾಲ. ಸದಸ್ಯರು ಅದನ್ನು ತಳ್ಳಿಹಾಕಿದರು. ಬದಲಿಗೆ ನಮ್ಮದೇ ಬ್ಯಾಂಕು ಕಟ್ಟೋಣ ಎಂದರು. ಹೆಂಗಸರು ಕೈಬಳೆ, ಕಿವಿಯೋಲೆ ಬಿಚ್ಚಿ ಅದರ ಬಂಡವಾಳಕ್ಕೆ ಕೊಡಲು ಮುಂದೆ ಬಂದರು. ಆ ಬ್ಯಾಂಕು ಆಗ ಏಳಲಿಲ್ಲ. ಬ್ಯಾಂಕ್ ಮಿಲ್ಲಿ ಎಂಬ ಹೆಸರಿನಲ್ಲಿ ಅದು ಬಾಗಿಲು ತೆರೆದದ್ದು 1928ರಲ್ಲಿ. ನೋಟು ಹೊರಡಿಸುವ ಹಕ್ಕನ್ನು ಇಂಪೀರಿಯಲ್ ಬ್ಯಾಂಕಿನಿಂದ 1930ರಲ್ಲಿ ಹಣ ಕೊಟ್ಟೇ ಬಿಡಿಸಿಕೊಳ್ಳಬೇಕಾಯಿತು.